ಹೊಳಪು ಹೋದ ದೋಣಿಗೆ ಬಣ್ಣ ಬಳಿಯುವ ಮುನ್ನ

ಕಲಬುರಗಿ ಕಡೆಯವರು ದೋಣಿ ರಿಪೇರಿಯ ಬಗ್ಗೆ ಬರೆದರೆ ಕರಾವಳಿಯವರಿಗೆ ಅಚ್ಚರಿಯಾಗಬಹುದು. ಆದರೆ ಕಮಲಾಪುರ ತಾಲ್ಲೂಕಿನ ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯ, ಹೇರೂರಿನ ಬೆಣ್ಣೆತೊರೆ, ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಹೀಗೆ ನೀರು ನಿಂತಲ್ಲೆಲ್ಲ ಮೀನು ಹಿಡಿದು ಬದುಕುವವರಿದ್ದಾರೆ. ಅವರ ಬಿದಿರಿನ ಹರಿಗೋಲಿನ ಜಾಗಕ್ಕೆ ಈಗ ಫೈಬರ್ ಹರಿಗೋಲು ಬಂದಿದೆ. ಕೆರೆಗಳಲ್ಲಿ ವಿಹಾರಕ್ಕೆ ಬಿಡುವ ಪೆಡಲ್ ದೋಣಿಗಳೂ ಫೈಬರಿನವೇ. ಬಿದಿರಿನ ಹರಿಗೋಲಿಗೆ ವರ್ಷಕ್ಕೊಮ್ಮೆ ಡಾಂಬರು ಬಳಿಯಲೇಬೇಕಿತ್ತು, ಬಳಿಯದಿದ್ದರೆ ನೀರು ಒಳಗೆ ಬರುತ್ತಿತ್ತು. ಫೈಬರ್ ಬಂದ ಮೇಲೆ ಆ ರೂಢಿ ತಪ್ಪಿತು. 'ಫೈಬರಿಗೆ ಏನ್ ಆಗ್ತದ್ರೀ' ಎಂಬ ಮಾತೇ ಈ ದೋಣಿಗಳ ಆಯಸ್ಸು ತಿನ್ನುತ್ತಿದೆ ಎಂಬುದು ಈ ಕೆಲಸ ನನಗೆ ಕಲಿಸಿದ ಮೊದಲ ಪಾಠ. ಎರಡನೆಯದು, ಹೊಳಪು ಹೋದ ದೋಣಿಗೆ ನಾವು ಮಾಡುವ ಉಪಚಾರವೇ ಹಲವು ಸಲ ರೋಗಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ದೋಣಿಯ ಮೈಮೇಲೆ ಕಾಣುವ ಬಣ್ಣ ಪೇಂಟ್ ಅಲ್ಲ, ಜೆಲ್‌ಕೋಟ್. ದೋಣಿ ಮಾಡುವಾಗ ಅಚ್ಚಿಗೆ ವ್ಯಾಕ್ಸ್ ಹಚ್ಚಿ, ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಅನ್ನು ಮೊದಲು ಬಳಿಯುತ್ತಾರೆ. ಅದು ಅರೆಬರೆ ಗಟ್ಟಿಯಾದ ಮೇಲೆ ಗಾಜಿನ ನಾರಿನ ಮ್ಯಾಟ್ ಮತ್ತು ರೆಸಿನ್ ಪದರ ಪದರವಾಗಿ ಕೂರುತ್ತವೆ. ದೋಣಿಗೆ ಬಲ ಕೊಡುವುದು ಮ್ಯಾಟ್, ಆ ಮ್ಯಾಟನ್ನು ನೀರು, ಬಿಸಿಲುಗಳಿಂದ ಕಾಯುವುದು ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಈ ಜೆಲ್‌ಕೋಟ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಅದರ ಮೇಲ್ಮೈಯ ರೆಸಿನ್ ಸವೆದು, ಬಣ್ಣದ ಪುಡಿ ಸಡಿಲಾಗಿ ಸುಣ್ಣದಂತೆ ಕೈಗೆ ಹತ್ತುತ್ತದೆ. ಈ ಹಂತದಲ್ಲಿ ಒಂದು ಸರಳ ಪರೀಕ್ಷೆಯಿದೆ. ಮಂಕಾದ ಜಾಗಕ್ಕೆ ಒದ್ದೆ ಬಟ್ಟೆ ಒತ್ತಿ ನೋಡಿ. ಒದ್ದೆಯಾದ ಕೂಡಲೇ ಹಳೆಯ ಬಣ್ಣ ಮರಳಿದರೆ ಕೆಳಗೆ ಜೆಲ್‌ಕೋಟ್ ಇನ್ನೂ ಗಟ್ಟಿಯಾಗಿದೆ, ಕೆಟ್ಟಿರುವುದು ತೊಗಟೆ ಮಾತ್ರ. ಒದ್ದೆಯಲ್ಲೂ ನಾರಿನ ನೇಯ್ಗೆ ಕಂಡರೆ ಕಾಯುವ ಪದರವೇ ಮುಗಿದಿದೆ. ಮುಂದೇನು ಮಾಡಬೇಕೆಂಬುದು ಇದರ ಮೇಲೆ ನಿಂತಿದೆ.

ತೊಗಟೆ ಮಾತ್ರ ಕೆಟ್ಟಿದ್ದರೆ ಕಾರಿನ ಗ್ಯಾರೇಜಿನವರು ಬಳಸುವ ರಬ್ಬಿಂಗ್ ಕಾಂಪೌಂಡ್‌ನಿಂದಲೇ ಶುರು ಮಾಡಬೇಕು. ಅದಕ್ಕೆ ಬಗ್ಗದಿದ್ದರೆ 1000 ನಂಬರಿನ ವಾಟರ್ ಪೇಪರ್, ಅದಕ್ಕೂ ಬಗ್ಗದಿದ್ದರೆ 800 ಅಥವಾ 600, ಆಮೇಲೆ ಮತ್ತೆ ಮೇಲಕ್ಕೆ 1500, 2000, ಕಾಂಪೌಂಡ್, ಕೊನೆಗೆ ವ್ಯಾಕ್ಸ್. ಇಲ್ಲಿ ನಮ್ಮ ಕಡೆಯ ಕೈಗಳು ದಾರಿ ತಪ್ಪುತ್ತವೆ. ಶಹಾಬಾದ್ ಕಲ್ಲಿಗೆ ಪಾಲಿಶ್ ಹಾಕುವಾಗ ಒರಟು ಕಲ್ಲಿನಿಂದ ಶುರು ಮಾಡಿ ನಯಕ್ಕೆ ಹೋಗುತ್ತೇವೆ, ಅಲ್ಲಿ ಸವೆಸಲು ಕಲ್ಲು ಬೇಕಾದಷ್ಟಿದೆ. ದೋಣಿಯಲ್ಲಿರುವುದು ಅರ್ಧ ಮಿಲಿಮೀಟರ್. ಒಣ ಪೇಪರಿನಿಂದ ಒರಟಾಗಿ ತಿಕ್ಕಿದರೆ ಅಂಚು, ಮೂಲೆಗಳಲ್ಲಿ ಒಂದೇ ದಿನಕ್ಕೆ ನಾರು ಕಾಣುತ್ತದೆ. ನೀರು ಹಾಕಿಯೇ ತಿಕ್ಕಬೇಕು. ಹಾಗೆ ಮಾಡಿದರೆ ಗಾಜಿನ ದೂಳೂ ಗಾಳಿಗೆ ಏಳುವುದಿಲ್ಲ.

'ಇಷ್ಟೆಲ್ಲ ಯಾಕೆ, ಎರಡು ಕೋಟ್ ಆಯಿಲ್ ಪೇಂಟ್ ಹೊಡೆದರಾಯಿತು' ಎನ್ನುವವರು ಬಹಳ. ಖರ್ಚು ಕಡಿಮೆ, ಒಂದೇ ದಿನದ ಕೆಲಸ ಎಂಬ ಅವರ ಮಾತು ಸುಳ್ಳಲ್ಲ. ಆದರೆ ಸುಣ್ಣವಾದ ಪುಡಿಯ ಮೇಲೆ ಕೂತ ಪೇಂಟ್ ಹಿಡಿಯುವುದು ಆ ಪುಡಿಯನ್ನೇ ಹೊರತು ದೋಣಿಯನ್ನಲ್ಲ. ಸದಾ ನೀರಿನಲ್ಲಿರುವ ಜಾಗದಲ್ಲಿ ಅದು ಬೇಗ ಹಪ್ಪಳದಂತೆ ಏಳುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಪೇಂಟ್ ಬಿರುಕುಗಳನ್ನು ಮುಚ್ಚಿಬಿಡುತ್ತದೆ. ಸೀಟಿನ ಬೋಲ್ಟ್, ಪೆಡಲ್ ಕೂರಿಸಿದ ಜಾಗ, ಅಂಚಿನ ಮಡಿಕೆ, ಇಲ್ಲೆಲ್ಲ ಜೇಡರ ಬಲೆಯಂಥ ಗೆರೆಗಳು ಬಂದಿದ್ದರೆ ಕೆಳಗಿನ ಮ್ಯಾಟ್ ಬಳುಕುತ್ತಿದೆ ಎಂದರ್ಥ. ಗಡಸಾದ ಜೆಲ್‌ಕೋಟ್ ಬಳುಕಲಾರದೆ ಸೀಳಿದೆ. ಅದಕ್ಕೆ ಎಂ-ಸೀಲ್ ಒತ್ತಿ ಪೇಂಟ್ ಹೊಡೆದರೆ ಬಿರುಕು ಮತ್ತೆ ಬರುತ್ತದೆ. ಒಳಮೈಯನ್ನು ಒರಟು ಮಾಡಿ, ರೆಸಿನ್ ಜೊತೆ ಎರಡು ಪದರ ಮ್ಯಾಟ್ ಕೂರಿಸಿ ಬಳುಕು ನಿಲ್ಲಿಸಿದ ಮೇಲೆಯೇ ಹೊರಗಿನ ಗೆರೆಗಳಿಗೆ ಕೈ ಹಾಕಬೇಕು. ಜೆಲ್‌ಕೋಟ್ ಬಹುಪಾಲು ಮುಗಿದೇ ಹೋಗಿದ್ದರೆ ಮಾತ್ರ ಪೇಂಟ್ ಸರಿಯಾದ ದಾರಿ. ಆಗಲೂ ಮೊದಲು ಎಪಾಕ್ಸಿ ಪ್ರೈಮರ್ ಬೇಕು, ಆಯಿಲ್ ಪೇಂಟ್ ಬೇಡ.

ನಮ್ಮ ಹರಿಗೋಲುಗಳಿಗೆ ಹೆಚ್ಚು ಬೀಳುವುದು ಕಲ್ಲಿನ ಪೆಟ್ಟು. ದಡದ ಕರಿಗಲ್ಲಿನ ಮೇಲೆ ಎಳೆದು ಎಳೆದು ತಳದಲ್ಲಿ ನಾರಿನವರೆಗೆ ಗೀರು ಬಿದ್ದಿರುತ್ತದೆ. ಆ ಗೀರನ್ನು ಚೂಪಾದ ತುದಿಯಿಂದ ತುಸು ಅಗಲಿಸಿ, ಅಸಿಟೋನ್ ಹಚ್ಚಿದ ಬಟ್ಟೆಯಿಂದ ಒರೆಸಿ, ಹಾರ್ಡನರ್ ಬೆರೆಸಿದ ಜೆಲ್‌ಕೋಟ್ ಅನ್ನು ಮೇಲ್ಮೈಗಿಂತ ಸ್ವಲ್ಪ ಉಬ್ಬುವಂತೆ ತುಂಬಬೇಕು. ತುಂಬಿದ ಕೂಡಲೇ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಬೇಕು, ಯಾಕೆಂದರೆ ಗಾಳಿ ತಾಗಿದ ಜೆಲ್‌ಕೋಟಿನ ಮೇಲ್ಮೈ ಪೂರ್ತಿ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ಮರುದಿನ ಹಾಳೆ ಕಿತ್ತು, ಉಬ್ಬನ್ನು ವಾಟರ್ ಪೇಪರಿನಿಂದ ಸಮ ಮಾಡಬೇಕು. 100 ಗ್ರಾಂಗೆ ಒಂದರಿಂದ ಎರಡು ಗ್ರಾಂ ಹಾರ್ಡನರ್ ಸಾಕು. ಬೇಸಿಗೆಯಲ್ಲಿ ಬೇಗ ಗಟ್ಟಿಯಾಗುತ್ತದೆಂದು ಒಂದು ಗ್ರಾಂಗಿಂತ ಕೆಳಗಿಳಿಸಿದರೆ ಅದು ಎಂದೂ ಪೂರ್ತಿ ಬಲಿಯುವುದಿಲ್ಲ. ಹಾರ್ಡನರಿನ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕವಿಲ್ಲದೆ ಮುಟ್ಟಬೇಡಿ. ಅದನ್ನು ರೆಸಿನ್ ಬೇಗ ಗಟ್ಟಿಯಾಗಲೆಂದು ಬೆರೆಸುವ ಕೋಬಾಲ್ಟ್ ಆಕ್ಸಿಲರೇಟರ್ ಜೊತೆ ನೇರವಾಗಿ ಎಂದಿಗೂ ಬೆರೆಸಬೇಡಿ, ಸ್ಫೋಟವಾಗುತ್ತದೆ.

ಇನ್ನೊಂದು ವಾದವಿದೆ: ನಮ್ಮದು ಸಿಹಿನೀರು, ಉಪ್ಪಿಲ್ಲ, ಹಾಗಾಗಿ ದೋಣಿಗೆ ಭಯವಿಲ್ಲ. ನಿಜ ಇದಕ್ಕೆ ತಿರುಗಾಮುರುಗಾ. ಜೆಲ್‌ಕೋಟ್ ಮೂಲಕ ನೀರು ನಿಧಾನವಾಗಿ ಒಳನುಸುಳಿ ರೆಸಿನ್ನಿನ ಅಂಶಗಳನ್ನು ಕರಗಿಸಿಕೊಳ್ಳುತ್ತದೆ. ಆ ದ್ರವ ಹೊರಗಿನ ನೀರನ್ನು ಇನ್ನಷ್ಟು ಸೆಳೆದು ಬೊಕ್ಕೆಗಳು ಏಳುತ್ತವೆ. ಹೊರಗಿನ ನೀರು ಸಪ್ಪೆಯಾದಷ್ಟೂ, ಬೆಚ್ಚಗಾದಷ್ಟೂ ಈ ಸೆಳೆತ ಜಾಸ್ತಿ. ದಿನವೂ ದಡಕ್ಕೆ ಎತ್ತುವ ಹರಿಗೋಲಿಗೆ ಇದರ ಕಾಟ ಕಡಿಮೆ, ವರ್ಷವಿಡೀ ಕೆರೆಯಲ್ಲೇ ತೇಲುವ ಪೆಡಲ್ ದೋಣಿಗೆ ಹೆಚ್ಚು. ಬೊಕ್ಕೆ ಒಡೆದಾಗ ಹುಳಿ ವಾಸನೆಯ ದ್ರವ ಬಂದರೆ ತೆರೆದು, ಸಿಹಿನೀರಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ ಎಪಾಕ್ಸಿ ತುಂಬಬೇಕು. ಒದ್ದೆ ಮೈಗೆ ಏನು ಹಚ್ಚಿದರೂ ದಂಡ.

ಹಾಗಾದರೆ ಕೆಲಸ ಯಾವಾಗ? ಏಪ್ರಿಲ್ ಮಧ್ಯಾಹ್ನ ಜೆಲ್‌ಕೋಟ್ ಬಟ್ಟಲಲ್ಲೇ ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ಮ್ಯಾಟ್ ಒಣಗುವುದೇ ಇಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣ ಹವೆ, ಹಿತವಾದ ಬಿಸಿ ನಮಗೆ ಸಿಕ್ಕ ವರ. ಕರಾವಳಿಯವರಿಗೆ ಇಷ್ಟು ಒಣ ಹವೆ ಸಿಗುವುದಿಲ್ಲ. ಮೀನುಗಾರರ ಸಹಕಾರ ಸಂಘಗಳು ಮತ್ತು ಕೆರೆ ನೋಡಿಕೊಳ್ಳುವವರು ಈ ತಿಂಗಳುಗಳಲ್ಲಿ ದೋಣಿಗಳನ್ನು ಸರದಿಯಂತೆ ದಡಕ್ಕೆ ಎತ್ತಿಸಿ, ನೆರಳಲ್ಲಿ ಬೋರಲು ಹಾಕಿ, ತಳ ನೋಡುವ ವ್ಯವಸ್ಥೆ ಮಾಡಬೇಕು. ಉಳಿದ ಕಾಲದಲ್ಲಿ ದೋಣಿಯ ಮೇಲೊಂದು ತಾಡಪತ್ರಿ ಹೊದಿಸಿದರೂ ಸಾಕು, ಜೆಲ್‌ಕೋಟಿನ ಅರ್ಧ ಕಷ್ಟ ತಪ್ಪುತ್ತದೆ.