ಗೋಡೆಯೊಳಗಿನ ಗಡಿಯಾರ: ಒಂದು ಮಕ್ಕಳ ಕಾದಂಬರಿ, ಹಲವು ಓದುಗರು

ಮಕ್ಕಳಿಗಾಗಿ ಬರೆದ, ಮೆಲ್ಲಗೆ ಮೈ ಜುಮ್ಮೆನ್ನಿಸುವ ರಹಸ್ಯ ಕಾದಂಬರಿಗಳ ಬಗ್ಗೆ ಓದುಗರ ಮಾತು ಕೇಳಲು ಹೊರಟರೆ ಮೊದಲಿಗೆ ಗೊಂದಲವಾಗುತ್ತದೆ. ಒಂದೇ ಪುಸ್ತಕ ಒಬ್ಬರ ನಿದ್ದೆ ಕೆಡಿಸಿರುತ್ತದೆ, ಇನ್ನೊಬ್ಬರಿಗೆ ಆಕಳಿಕೆ ತರಿಸಿರುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಅದು ಹೇಗೆ ಸಾಧ್ಯ ಎಂಬುದನ್ನು ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿದೇ ನೋಡೋಣ.

ಪುಸ್ತಕದ ಹೆಸರು ‘ದ ಹೌಸ್ ವಿತ್ ಎ ಕ್ಲಾಕ್ ಇನ್ ಇಟ್ಸ್ ವಾಲ್ಸ್’. ಬರೆದವರು ಅಮೆರಿಕದ ಜಾನ್ ಬೆಲ್ಲೇರ್ಸ್, ಪ್ರಕಟವಾದದ್ದು 1973ರಲ್ಲಿ. ಬೆಲ್ಲೇರ್ಸ್ ಹುಟ್ಟಿದ್ದು 1938ರಲ್ಲಿ, ಮಿಷಿಗನ್ ರಾಜ್ಯದ ಮಾರ್ಷಲ್ ಎಂಬ ಸಣ್ಣ ಊರಲ್ಲಿ. ಹಳೆಯ ಕಾಲದ ದೊಡ್ಡ ದೊಡ್ಡ ಮನೆಗಳ ಊರು ಅದು. ಅದೇ ಊರನ್ನು ಅವರು ‘ನ್ಯೂ ಜೆಬಿಡೀ’ ಎಂದು ಹೆಸರು ಬದಲಿಸಿ ಕಥೆಗೆ ತಂದರು. ಅಲ್ಲಿರುವ ಕ್ರೋನಿನ್ ಹೌಸ್ ಎಂಬ ಗೋಪುರವಿರುವ ಮನೆಯೇ ಕಾದಂಬರಿಯ ಮನೆಗೆ ಸ್ಫೂರ್ತಿ. ಇನ್ನೊಂದು ಸಂಗತಿಯನ್ನು ನೆನಪಿಡಿ: ಇದನ್ನು ಅವರು ಮೊದಲು ಬರೆಯಲು ಹೊರಟದ್ದು ದೊಡ್ಡವರಿಗಾಗಿ. ಮಕ್ಕಳ ಕಾದಂಬರಿಯಾಗಿ ತಿದ್ದಿ ಬರೆದದ್ದು ಆಮೇಲೆ.

ಕಥೆ ನಡೆಯುವುದು 1948ರಲ್ಲಿ. ಹತ್ತು ವರ್ಷದ ಲೂಯಿಸ್ ಬಾರ್ನವೆಲ್ಟ್ ಅಪ್ಪ ಅಮ್ಮನನ್ನು ಕಾರು ಅಪಘಾತದಲ್ಲಿ ಕಳೆದುಕೊಂಡು, ತಾನೆಂದೂ ನೋಡಿರದ ಚಿಕ್ಕಪ್ಪ ಜೊನಾಥನ್‌ನ ಮನೆಗೆ ಬಸ್ಸು ಹತ್ತಿ ಬರುತ್ತಾನೆ. ದಪ್ಪಗಿನ, ಅಂಜುಬುರುಕ, ಬೇಗ ಅಳುವ ಹುಡುಗ. ಚಿಕ್ಕಪ್ಪ ಮಂತ್ರವಾದಿ, ಪಕ್ಕದ ಮನೆಯ ಮಿಸೆಸ್ ಜಿಮ್ಮರ್‌ಮನ್ ಅವನಿಗಿಂತ ದೊಡ್ಡ ಮಂತ್ರಗಾರ್ತಿ. ಆಕೆಗೆ ನೇರಳೆ ಬಣ್ಣವೆಂದರೆ ಪ್ರಾಣ. ಮೂವರೂ ಸೇರಿ ಇಸ್ಪೀಟು ಆಡುತ್ತಾರೆ, ಬಿಸ್ಕತ್ತು ತಿನ್ನುತ್ತಾರೆ. ಕಿಟಕಿಯ ಬಣ್ಣದ ಗಾಜಿನ ಚಿತ್ರಗಳು ತಾವಾಗಿಯೇ ಬದಲಾಗುತ್ತವೆ. ಎಲ್ಲವೂ ಬೆಚ್ಚಗಿದೆ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಚಿಕ್ಕಪ್ಪ ಮನೆ ತುಂಬ ಓಡಾಡುತ್ತ ಗೋಡೆಗೆ ಕಿವಿಗೊಡುತ್ತಾನೆ. ಆ ಮನೆಯಲ್ಲಿ ಹಿಂದೆ ಇದ್ದ ಐಸಾಕ್ ಇಜಾರ್ಡ್ ಎಂಬ ದುಷ್ಟ ಮಾಂತ್ರಿಕ ಗೋಡೆಯೊಳಗೆ ಎಲ್ಲೋ ಒಂದು ಗಡಿಯಾರವನ್ನು ಅಡಗಿಸಿ ಸತ್ತಿದ್ದಾನೆ. ಅದರ ಟಿಕ್ ಟಿಕ್ ನಿಂತಿಲ್ಲ. ಅದು ಎಲ್ಲಿದೆ, ಯಾತಕ್ಕಾಗಿ ಇದೆ ಎಂಬುದನ್ನು ನಾನು ಹೇಳುವುದಿಲ್ಲ. ಅದನ್ನು ನೀವೇ ಓದಿ ತಿಳಿಯಬೇಕು.

ಈಗ ಓದುಗರ ಮಾತಿಗೆ ಬರೋಣ. ಪುಸ್ತಕವನ್ನು ಮೆಚ್ಚುವವರಲ್ಲಿ ಬಹಳಷ್ಟು ಜನ ಮೊದಲು ಹೇಳುವುದು ಭಯದ ಬಗ್ಗೆ ಅಲ್ಲ, ಆ ಮನೆಯ ಬಗ್ಗೆ. ಅಂಥ ಮನೆಯಲ್ಲಿ ತಾವೂ ಇರಬೇಕಿತ್ತು ಎನ್ನುತ್ತಾರೆ. ಇದು ಕಥೆಗೆ ಸಂಬಂಧಿಸದ ಮಾತೆಂದು ತಳ್ಳಿಹಾಕಬೇಡಿ. ಇಂಥ ಕಾದಂಬರಿಗಳ ಗುಟ್ಟೇ ಅಲ್ಲಿದೆ. ಮಗುವಿಗೆ ಒಂದು ಬೆಚ್ಚನೆಯ ಜಾಗ ಕೊಟ್ಟ ಮೇಲೆಯೇ ಅದನ್ನು ಕಳೆದುಕೊಳ್ಳುವ ದಿಗಿಲನ್ನು ಹುಟ್ಟಿಸಲು ಸಾಧ್ಯ. ಬಿಸ್ಕತ್ತಿನ ತಟ್ಟೆ ಇಲ್ಲದೆ ಆ ಟಿಕ್ ಟಿಕ್ ಸದ್ದು ಹೆದರಿಸುವುದೇ ಇಲ್ಲ.

ಎರಡನೆಯ ಗುಂಪಿನ ದೂರು: ಕಥೆ ನಿಧಾನ, ಗಡಿಯಾರದ ಹುಡುಕಾಟ ಮಧ್ಯೆ ಮಧ್ಯೆ ಮರೆತೇಹೋಗುತ್ತದೆ, ಕೊನೆ ಮಾತ್ರ ಅವಸರ. ಕೊನೆಯ ಬಗ್ಗೆ ನನಗೂ ಹಾಗೇ ಅನಿಸಿದೆ. ಅಷ್ಟು ಹೊತ್ತು ಕಾಯಿಸಿದ ಗಂಟು ಕೆಲವೇ ಪುಟಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಆದರೆ ನಿಧಾನದ ದೂರನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ಕಥೆಯ ನಡುಭಾಗವನ್ನು ಸ್ವಲ್ಪ ತೆರೆದು ತೋರಿಸಬೇಕು.

ಲೂಯಿಸ್‌ಗೆ ಶಾಲೆಯಲ್ಲಿ ಗೆಳೆಯರಿಲ್ಲ. ಟಾರ್ಬಿ ಎಂಬ ಹುಡುಗ ಆಟದಲ್ಲಿ ಎಲ್ಲರಿಗಿಂತ ಮುಂದು. ಅವನು ಕೈ ಮುರಿದುಕೊಂಡು ಆಟದಿಂದ ದೂರ ಉಳಿದಾಗ ಲೂಯಿಸ್‌ನ ಜೊತೆ ಸೇರುತ್ತಾನೆ. ಕೈ ಗುಣವಾಗುತ್ತ ಬಂದಂತೆ ಗೆಳೆತನ ಸಡಿಲವಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಲೂಯಿಸ್ ಏನು ಬೇಕಾದರೂ ಮಾಡಲು ಸಿದ್ಧ. ಚಿಕ್ಕಪ್ಪನ ಪುಸ್ತಕವನ್ನು ಕದ್ದು, ಹ್ಯಾಲೋವೀನ್ ರಾತ್ರಿ ಟಾರ್ಬಿಯ ಜೊತೆ ಸ್ಮಶಾನಕ್ಕೆ ಹೋಗಿ, ಸತ್ತವರನ್ನು ಎಬ್ಬಿಸುವ ಮಂತ್ರವನ್ನು ಹೇಳಿಬಿಡುತ್ತಾನೆ. ಮಂತ್ರ ಫಲಿಸುತ್ತದೆ. ಟಾರ್ಬಿ ದೂರವಾಗುತ್ತಾನೆ. ಲೂಯಿಸ್ ಮನೆಗೆ ಬಂದು ಯಾರಿಗೂ ಹೇಳದೆ ಸುಮ್ಮನಾಗುತ್ತಾನೆ.

ಈ ಕಾದಂಬರಿಯ ನಿಜವಾದ ಭಯ ಇರುವುದು ಆ ಸುಮ್ಮನಿರುವುದರಲ್ಲಿ. ತನ್ನನ್ನು ಪ್ರೀತಿಸುವ ಇಬ್ಬರ ಎದುರು ಕೂತು ಊಟ ಮಾಡುತ್ತ, ತಾನು ಮಾಡಿದ್ದು ಗೊತ್ತಾದರೆ ತನ್ನನ್ನು ಮನೆಯಿಂದ ಕಳಿಸಿಬಿಡುತ್ತಾರೇನೋ ಎಂದು ಒಳಗೇ ಬೇಯುವ ಮಗುವಿನ ಭಯ ಅದು. ಎದುರು ಮನೆಗೆ ಹೊಸದಾಗಿ ಬಂದ ಮುದುಕಿ ಯಾರಿರಬಹುದು ಎಂಬ ಅನುಮಾನ ಅವನೊಬ್ಬನಿಗೇ ಗೊತ್ತು. ಗುಮ್ಮನಿಗಾಗಿ ಕಾಯುವ ಓದುಗರಿಗೆ ಈ ಪುಟಗಳಲ್ಲಿ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಬಾಲ್ಯದಲ್ಲಿ ಒಂದು ತಪ್ಪನ್ನು ಮುಚ್ಚಿಟ್ಟುಕೊಂಡು ನರಳಿದವರಿಗೆ ಇವೇ ಪುಟಗಳು ಉಸಿರು ಬಿಗಿಸುತ್ತವೆ. ಓದುಗರ ಅಭಿಪ್ರಾಯ ಎರಡಾಗಿ ಒಡೆಯುವುದು ಇಲ್ಲೇ ಎಂಬುದು ನನ್ನ ನಂಬಿಕೆ.

ಹೊರಗಿನ ಭಯವೂ ಇಲ್ಲವೆಂದಲ್ಲ. ರಾತ್ರಿ ಕಾರಿನಲ್ಲಿ ಹೋಗುವಾಗ ಹಿಂದಿನಿಂದ ಎರಡು ದೀಪಗಳು ಬಿಡದೆ ಬೆನ್ನಟ್ಟುವ ಅಧ್ಯಾಯವನ್ನು ಓದಿದವರು ಮರೆಯುವುದು ಕಷ್ಟ. ಅಲ್ಲಿ ರಕ್ತವಿಲ್ಲ, ಕಿರುಚಾಟವಿಲ್ಲ. ಹಿಂದಿರುವ ಕಾರಿನಲ್ಲಿ ಯಾರಿದ್ದಾರೆಂದು ಬೆಲ್ಲೇರ್ಸ್ ತೋರಿಸುವುದೂ ಇಲ್ಲ. ಈ ಪುಸ್ತಕಕ್ಕೆ ಎಡ್ವರ್ಡ್ ಗೋರಿ ಬರೆದ ಚಿತ್ರಗಳದೂ ಇದೇ ದಾರಿ. ಸಣ್ಣ ಸಣ್ಣ ಶಾಯಿಗೆರೆಗಳನ್ನು ಒತ್ತೊತ್ತಾಗಿ ಎಳೆದು ಕತ್ತಲೆ ಕಟ್ಟಿ, ಕಾಣಿಸುವುದಕ್ಕಿಂತ ಹೆಚ್ಚನ್ನು ಮರೆಮಾಡುತ್ತಾರೆ. ಈ ಪುಸ್ತಕವನ್ನು ಕೊಳ್ಳುವಾಗ ಗೋರಿಯ ಚಿತ್ರಗಳಿರುವ ಪ್ರತಿಯನ್ನೇ ಹುಡುಕಿ. 2018ರಲ್ಲಿ ಎಲಿ ರಾಥ್ ಮಾಡಿದ ಸಿನಿಮಾದಲ್ಲಿ ಜ್ಯಾಕ್ ಬ್ಲ್ಯಾಕ್, ಕೇಟ್ ಬ್ಲ್ಯಾಂಚೆಟ್ ಚೆನ್ನಾಗಿ ನಟಿಸಿದ್ದಾರೆ, ಆದರೆ ಅಲ್ಲಿ ಸದ್ದುಗದ್ದಲ ಹೆಚ್ಚು. ಸಿನಿಮಾ ನೋಡಿ ಆಮೇಲೆ ಪುಸ್ತಕಕ್ಕೆ ಬಂದವರಿಗೆ ಅದು ಸಪ್ಪೆ ಅನಿಸಿದರೆ ಆಶ್ಚರ್ಯವಿಲ್ಲ. ಅಭಿಪ್ರಾಯ ಓದುವಾಗ ಆ ಓದುಗರು ಯಾವ ಬಾಗಿಲಿನಿಂದ ಒಳಬಂದರು ಎಂದು ಗಮನಿಸಿ.

ಪೋಷಕರ ಆಕ್ಷೇಪಗಳೂ ಕೇಳಿಬರುತ್ತವೆ. ಸತ್ತವರನ್ನು ಎಬ್ಬಿಸುವ ಕಥೆ ಮಕ್ಕಳಿಗೆ ಬೇಕೇ? ಲೂಯಿಸ್‌ನ ದಪ್ಪ ಮೈಯನ್ನು ಮತ್ತೆ ಮತ್ತೆ ಎತ್ತಿ ಆಡಬೇಕಿತ್ತೇ? ಮೊದಲನೆಯದಕ್ಕೆ ಕಥೆಯೇ ಉತ್ತರ ಕೊಡುತ್ತದೆ, ಆ ಮಂತ್ರದಿಂದ ಆಗುವ ಕೇಡನ್ನು ಅದು ಒಂದಿಷ್ಟೂ ಕಡಿಮೆ ಮಾಡಿ ಹೇಳಿಲ್ಲ. ಎರಡನೆಯದು ನ್ಯಾಯವಾದ ಆಕ್ಷೇಪ. ಮಗುವಿಗೆ ಓದಿ ಹೇಳುವವರು ಆ ಸಾಲುಗಳಲ್ಲಿ ಒಂದು ಕ್ಷಣ ನಿಂತು ಮಾತಾಡಿದರೆ ಒಳ್ಳೆಯದು. ತೀರಾ ಚಿಕ್ಕವರಿಗೆ ಬೇಡ. ಒಂಬತ್ತು ಹತ್ತು ವರ್ಷದ, ಇಂಗ್ಲಿಷ್ ಸರಾಗವಾಗಿ ಓದಬಲ್ಲ ಮಗುವಿಗೆ ಕೊಡಬಹುದು. ಸುಲಭವಾಗಿ ದುಃಖಪಡುವ ಮಗುವಾದರೆ ಜೊತೆಗೆ ಕೂತು ಓದಿ. ಮೊದಲ ಪುಟಗಳಲ್ಲೇ ಅಪ್ಪ ಅಮ್ಮನ ಸಾವು ಬರುತ್ತದೆ, ಕೆಲವು ಮಕ್ಕಳನ್ನು ದೆವ್ವಕ್ಕಿಂತ ಹೆಚ್ಚು ಕಾಡುವುದು ಅದು.

ಟಾರ್ಬಿಯ ಬಗ್ಗೆ ಮಾತ್ರ ಓದುಗರ ತಕರಾರು ಮುಗಿಯುವಂಥದ್ದಲ್ಲ. ಕೊನೆಯಲ್ಲಾದರೂ ಅವನು ಬಂದು ಕ್ಷಮೆ ಕೇಳಬೇಕಿತ್ತು ಎಂಬುದು ಹಲವರ ಆಸೆ. ಬೆಲ್ಲೇರ್ಸ್ ಅವನನ್ನು ಕರೆತರಲಿಲ್ಲ. ಶಾಲೆಯಲ್ಲಿ ಹಾಗೆ ಕೈಬಿಟ್ಟು ಹೋದ ಗೆಳೆಯರು ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ, ಆದ್ದರಿಂದ ನಾನು ಲೇಖಕರ ಪಕ್ಷ. ಲೂಯಿಸ್‌ಗೆ ಸಿಗುವುದು ಬೇರೆ ಗೆಳತಿ, ರೋಸ್ ರೀಟಾ ಪಾಟಿಂಗರ್. ಈ ಪುಸ್ತಕದಲ್ಲಿ ಅವಳದು ಕೊನೆಗೆ ಬರುವ ಹೆಸರಷ್ಟೇ. 1975ರ ‘ದ ಫಿಗರ್ ಇನ್ ದ ಶ್ಯಾಡೋಸ್’ನಲ್ಲಿ ಅವಳು ಪೂರ್ತಿಯಾಗಿ ಕಥೆಯೊಳಗೆ ಬರುತ್ತಾಳೆ, 1976ರ ಮೂರನೆಯ ಪುಸ್ತಕದಲ್ಲಿ ಮಿಸೆಸ್ ಜಿಮ್ಮರ್‌ಮನ್ ಜೊತೆ ತಾನೇ ಪ್ರಯಾಣ ಹೊರಡುತ್ತಾಳೆ. ಮೊದಲನೆಯದು ಹಿಡಿಸಿದರೆ ಈ ಎರಡನ್ನೂ ಇದೇ ಕ್ರಮದಲ್ಲಿ ಓದಿ.