ನೆಲ್ಲಿಕಾಯಿ ಹೆಚ್ಚೋ, ನುಗ್ಗೆ ಸೊಪ್ಪು ಹೆಚ್ಚೋ?

ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಂದು ಕಾಯಿ ಸಮೇತ ನೆಲ್ಲಿಯ ಕೊಂಬೆಯನ್ನು ತಂದು ತುಳಸಿಕಟ್ಟೆಯಲ್ಲಿ ನೆಟ್ಟು ಪೂಜೆ ಮಾಡುತ್ತೇವೆ. ಮಾರನೆಯ ದಿನ ಆ ಕಾಯಿ ಹುಡುಗರ ಪಾಲು. ಹಿತ್ತಿಲಿನಲ್ಲಿ ನುಗ್ಗೆಯ ಮರವಿದ್ದರೆ ಕಾಯಿ ಸಂತೆಗೆ ಹೋಗುತ್ತದೆ, ಸೊಪ್ಪು ಬಹುಪಾಲು ಆಡುಮೇಕೆಗಳಿಗೆ ಹೋಗುತ್ತದೆ. ಇವೆರಡರಲ್ಲಿ ಪುಷ್ಟಿ ಯಾವುದರಲ್ಲಿ ಹೆಚ್ಚು ಎಂದು ರೈತ ಬಾಂಧವರು ಕೇಳುವುದುಂಟು. ಉತ್ತರ ಹೇಳುವ ಮೊದಲು, ಯಾವ ಅಂಶವನ್ನು ತೂಗುತ್ತಿದ್ದೇವೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ, 100 ಗ್ರಾಂ ಬೆಟ್ಟದ ನೆಲ್ಲಿಕಾಯಿಯಲ್ಲಿ ಸುಮಾರು 250 ಮಿಲಿಗ್ರಾಂ ಜೀವಸತ್ವ ‘ಸಿ’ ಇದೆ. ಅಷ್ಟೇ ತೂಕದ ಹಸಿ ನುಗ್ಗೆ ಸೊಪ್ಪಿನಲ್ಲಿ ಸುಮಾರು 108 ಮಿಲಿಗ್ರಾಂ. ಇಲ್ಲಿ ನೆಲ್ಲಿ ಗೆದ್ದಿತು. (ಹಳೆಯ ಪುಸ್ತಕಗಳಲ್ಲಿ ನೆಲ್ಲಿಗೆ 600 ಎಂದು ಬರೆದಿರುವುದನ್ನು ಕೆಲವರು ನೋಡಿರಬಹುದು, ಹೊಸ ಅಳತೆ ಇದು.) ಆದರೆ ಉಳಿದ ಅಂಶಗಳಿಗೆ ಬಂದರೆ ತಕ್ಕಡಿ ಪೂರ್ತಿ ಇನ್ನೊಂದು ಕಡೆಗೆ ವಾಲುತ್ತದೆ. ಸೊಪ್ಪಿನಲ್ಲಿ ಸುಣ್ಣದ ಅಂಶ ಸುಮಾರು 314 ಮಿಲಿಗ್ರಾಂ, ಕಬ್ಬಿಣದ ಅಂಶ ನಾಲ್ಕೂವರೆ ಮಿಲಿಗ್ರಾಂ, ಮೈ ಬೆಳೆಸುವ ಸಸಾರಜನಕ 6 ಗ್ರಾಂಗೂ ಮೇಲೆ. ನೆಲ್ಲಿಯಲ್ಲಿ ಸಸಾರಜನಕ ಅರ್ಧ ಗ್ರಾಂ ಕೂಡ ಇಲ್ಲ. ಕಣ್ಣಿಗೆ ಬೇಕಾದ ಜೀವಸತ್ವ ‘ಎ’ ಆಗುವ ಕ್ಯಾರೋಟಿನ್ ಎಂಬ ಬಣ್ಣದ ಅಂಶ ಸೊಪ್ಪಿನಲ್ಲಿ ಹೇರಳ, ನೆಲ್ಲಿಯಲ್ಲಿ ನಾಮಮಾತ್ರ. ಇರುಳುಗಣ್ಣು ಬಾರದಂತೆ ಮಕ್ಕಳಿಗೆ ಸೊಪ್ಪು ತಿನ್ನಿಸಿ ಎಂದು ಹೇಳುವುದು ಇದಕ್ಕಾಗಿಯೇ.

ಹಾಗಾದರೆ ಸೊಪ್ಪೊಂದೇ ಸಾಲದೆ? ಸಾಲದು. ಜೀವಸತ್ವ ‘ಸಿ’ ಬೆಂಕಿಗೂ ನೀರಿಗೂ ಬೇಗ ಸೋಲುವ ವಸ್ತು. ಸೊಪ್ಪನ್ನು ಬೇಯಿಸುವಾಗ ಅದರ ಬಹುಭಾಗ ನಾಶವಾಗುತ್ತದೆ, ಬಸಿದು ಚೆಲ್ಲಿದರೆ ಉಳಿದದ್ದೂ ಬಚ್ಚಲಿಗೆ ಹೋಗುತ್ತದೆ. ದನ, ಕುರಿ, ಆಡುಗಳು ಈ ಸತ್ವವನ್ನು ತಮ್ಮ ಒಡಲಿನಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ, ಆಹಾರದಿಂದಲೇ ಬರಬೇಕು. ಬಹುಕಾಲ ಬಾರದೆ ಹೋದರೆ ಒಸಡು ಊದಿ ರಕ್ತ ಸುರಿಯುತ್ತದೆ, ಗಾಯ ಮಾಯುವುದಿಲ್ಲ. 1939–40ರಲ್ಲಿ ಹಿಸ್ಸಾರ್ ಸೀಮೆಯಲ್ಲಿ ಬರ ಬಿದ್ದು ಜನರಿಗೆ ಈ ಕಾಯಿಲೆ ಹತ್ತಿದಾಗ ನೆಲ್ಲಿಕಾಯಿಯನ್ನೇ ಮದ್ದಾಗಿ ಕೊಟ್ಟು ಗುಣಪಡಿಸಿದರು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 65ರಿಂದ 80 ಮಿಲಿಗ್ರಾಂ. ಒಂದು ದಪ್ಪ ನೆಲ್ಲಿಕಾಯಿಯನ್ನು ಹಸಿಯಾಗಿ ತಿಂದರೆ ಹೆಚ್ಚುಕಡಿಮೆ ಅಷ್ಟೂ ದೊರಕಿತು.

ಆದರೆ ನಮ್ಮ ಹಳ್ಳಿಗಳಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65ಕ್ಕೂ ಮೇಲ್ಪಟ್ಟು ರಕ್ತ ಕಡಿಮೆಯಿದ್ದುದು ಕಂಡುಬಂದಿದೆ. ಕಳೆ ಕೀಳುವಾಗ ಏದುಸಿರು ಬಿಡುವ ಸೊಸೆಯನ್ನು ಸೋಮಾರಿ ಎಂದು ಬಯ್ಯುವ ಮನೆಗಳಿವೆ. ಆಕೆಯ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಒಳಗೆ ಬಿಳಿಚಿಕೊಂಡಿದೆಯೇ ಎಂದು ಯಾರೂ ನೋಡಿರುವುದಿಲ್ಲ.

ರಾಗಿಯಲ್ಲಿ ಕಬ್ಬಿಣದ ಅಂಶವಿದೆ, ಸೊಪ್ಪಿನಲ್ಲಿದೆ, ಹುರುಳಿಯಲ್ಲಿಯೂ ಇದೆ. ಇವನ್ನೆಲ್ಲ ತಿನ್ನುವ ಮನೆಯಲ್ಲಿ ರಕ್ತ ಏಕೆ ಕಡಿಮೆ? ಧಾನ್ಯ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ತಿಂದದ್ದರಲ್ಲಿ ಸ್ವಲ್ಪ ಪಾಲು ಮಾತ್ರ ರಕ್ತಕ್ಕೆ ಸೇರಿ ಉಳಿದದ್ದು ಹಾಗೆಯೇ ಹೊರಗೆ ಹೋಗುತ್ತದೆ. ಹೊಲಕ್ಕೆ ಗೊಬ್ಬರ ಚೆಲ್ಲಿ ಹದವಿಲ್ಲದೆ ಹೋದಂತೆ ಇದು. ಆ ಹದವನ್ನು ಒದಗಿಸುವುದು ಜೀವಸತ್ವ ‘ಸಿ’. ಅದು ಅದೇ ಊಟದಲ್ಲಿ ಜೊತೆಗಿದ್ದರೆ ಕರುಳು ಹೀರುವ ಕಬ್ಬಿಣದ ಪ್ರಮಾಣ ಏರುತ್ತದೆ. ಬೆಳಿಗ್ಗೆ ನೆಲ್ಲಿ ತಿಂದು ರಾತ್ರಿ ಸೊಪ್ಪು ಉಂಡರೆ ಈ ಉಪಯೋಗ ಸಿಕ್ಕದು, ಎರಡೂ ಒಂದೇ ತಟ್ಟೆಯಲ್ಲಿರಬೇಕು. ಊಟವಾದ ಕೂಡಲೆ ಚಹಾ ಕಾಫಿ ಕುಡಿದರೆ ಕೆಲಸ ಕೆಡುತ್ತದೆ. ಚಹಾದ ಒಗರು ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತದೆ. ಒಂದೆರಡು ಗಂಟೆ ಕಳೆದು ಕುಡಿಯಿರಿ.

ಅಡಿಗೆಯ ವಿಚಾರದಲ್ಲಿ ನಮ್ಮ ತಾಯಂದಿರಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಸ್ಸಾರು ಮಾಡುವ ಮನೆಯಲ್ಲಿ ಸೊಪ್ಪು ಕಾಳು ಬೇಯಿಸಿದ ಕಟ್ಟು ಸಾರಾಗುತ್ತದೆ, ಸೊಪ್ಪು ಪಲ್ಯವಾಗುತ್ತದೆ, ಏನೂ ಚೆಲ್ಲುವುದಿಲ್ಲ. ನುಗ್ಗೆಯ ಬಲಿತ ಸೊಪ್ಪು ಕಹಿ ಎಂದು ಕೆಲವರು ಕುದಿಸಿ ಹಿಂಡಿ ನೀರು ಚೆಲ್ಲುತ್ತಾರೆ, ಅದನ್ನು ಬಿಡಬೇಕು. ಎಳೆಯ ಚಿಗುರನ್ನೇ ಆರಿಸಿ, ಮೊದಲು ತೊಳೆದು ಆಮೇಲೆ ಬಿಡಿಸಿ, ಸ್ವಲ್ಪವೇ ನೀರಿನಲ್ಲಿ ಮುಚ್ಚಿ ಬೇಯಿಸಿದರೆ ಕಹಿಯ ತಂಟೆ ಬಾರದು. ಒಗ್ಗರಣೆಯ ಎಣ್ಣೆಗೆ ಕೈ ಹಿಡಿಯಬೇಡಿ. ಕ್ಯಾರೋಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ಮುದ್ದೆಯ ಬದಿಗೆ ಹಸಿ ನೆಲ್ಲಿಕಾಯಿಯ ಚಟ್ನಿಯಾಗಲಿ, ತುರಿದು ಮಜ್ಜಿಗೆಗೆ ಕಲಸಿದ ತಂಬುಳಿಯಾಗಲಿ ಇರಲಿ. ಮಕ್ಕಳಿಗೆ ಉಪ್ಪು ಹಚ್ಚಿದ ಒಂದು ಹೋಳು ಸಾಕು. ತಿಂದ ಮೇಲೆ ನೀರು ಕುಡಿದರೆ ಸಿಹಿಯಾಗುವ ಚೋದ್ಯಕ್ಕಾದರೂ ತಿನ್ನುತ್ತವೆ. ನೆಲ್ಲಿಯ ಕಾಲ ಮುಗಿದ ಮೇಲೆ ನಿಂಬೆಯೂ ಸೀಬೆಯೂ ಈ ಕೆಲಸಕ್ಕೆ ಬರುತ್ತವೆ. ನೆಲ್ಲಿಯ ಹುಳಿ ತನ್ನ ಸತ್ವವನ್ನು ತಕ್ಕಮಟ್ಟಿಗೆ ಕಾಯುವುದರಿಂದ ನೆರಳಿನಲ್ಲಿ ಒಣಗಿಸಿದ ಹೋಳುಗಳಲ್ಲಿಯೂ ಸ್ವಲ್ಪ ಉಳಿದಿರುತ್ತದೆ, ಹಸಿಯದಕ್ಕೆ ಸಮವಲ್ಲ.

ಒಂದು ಎಚ್ಚರಿಕೆಯ ಮಾತು. ನುಗ್ಗೆ ಸೊಪ್ಪಿನ ಪುಡಿಯನ್ನು ಡಬ್ಬಿಯಲ್ಲಿ ತುಂಬಿ ಸಕಲ ರೋಗಕ್ಕೂ ಮದ್ದೆಂದು ಮಾರುತ್ತಾರೆ. ಹಿತ್ತಿಲಿನಲ್ಲಿ ಪುಕ್ಕಟೆ ಬೆಳೆಯುವುದಕ್ಕೆ ಪೇಟೆಯಲ್ಲಿ ಹಣ ತೆರುವುದು ಜಾಣತನವಲ್ಲ. ಹೆಂಗಸಿಗೆ ದಿನಕ್ಕೆ ಬೇಕಾದ ಕಬ್ಬಿಣ 29 ಮಿಲಿಗ್ರಾಂ ಎಂದು ತಜ್ಞರ ಲೆಕ್ಕ. 50 ಗ್ರಾಂ ಸೊಪ್ಪಿನಲ್ಲಿ ಸಿಗುವುದು ಎರಡು ಮಿಲಿಗ್ರಾಂಗೆ ತುಸು ಮೇಲೆ. ಆದುದರಿಂದ ಬಸುರಿ ಬಾಣಂತಿಯರು, ರಕ್ತ ಬಹಳ ಇಳಿದವರು ಸೊಪ್ಪನ್ನೇ ನಂಬಿ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ನುಂಗಬೇಕು. ಮಲ ಕಪ್ಪಾಯಿತೆಂದು ಹೆದರಿ ಮಾತ್ರೆ ಬಿಡಬಾರದು, ಅದು ಕಬ್ಬಿಣದ ಗುಣ.

ನುಗ್ಗೆಯನ್ನು ಬೆಳೆಸುವುದು ಸುಲಭ. ಮುಂಗಾರು ಹಿಡಿದ ಮೇಲೆ ತೋಳುದಪ್ಪದ, ಸುಮಾರು ಮೂರಡಿ ಉದ್ದದ ಕೊಂಬೆಯನ್ನು ನೆಟ್ಟರೆ ಚಿಗುರುತ್ತದೆ; ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು. ಮರವನ್ನು ಮುಗಿಲಿಗೆ ಬಿಡದೆ ಆಗಾಗ ತುದಿ ಚಿವುಟಿ ಎದೆಯೆತ್ತರಕ್ಕೆ ಸವರಿದರೆ ಹೆಂಗಸರ ಕೈಗೆ ಎಳೆ ಸೊಪ್ಪು ಎಟುಕುತ್ತದೆ. ನೆಲ್ಲಿಗೆ ತಾಳ್ಮೆ ಬೇಕು. ಬೀಜದ ಗಿಡ ಫಲ ಕೊಡುವುದಕ್ಕೆ ಬಹಳ ವರ್ಷ ತೆಗೆದುಕೊಳ್ಳುತ್ತದೆ, ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಬಿಡುತ್ತದೆ. ಒಂದೇ ತಳಿಯಾದರೆ ಹೂವಾಗಿಯೂ ಕಾಯಿ ಸರಿಯಾಗಿ ಕಚ್ಚದೆ ಹೋಗಬಹುದು. ಕೃಷ್ಣ, ಕಾಂಚನ, ಎನ್.ಎ.–7 ಮುಂತಾದವುಗಳಲ್ಲಿ ಎರಡು ಬೇರೆ ತಳಿಗಳನ್ನು ಹತ್ತಿರ ಹತ್ತಿರ ನೆಡಬೇಕು. ಜಾಗವಿಲ್ಲದವರು ಪಕ್ಕದ ಹೊಲದವರೊಡನೆ ಮಾತನಾಡಿಕೊಂಡು ಬದುವಿನ ಆ ಕಡೆ ಒಂದು, ಈ ಕಡೆ ಒಂದು ಹಾಕಿಕೊಳ್ಳಬಹುದು.