ಮಾತು ಕಳಿಸುವ ರೇಡಿಯೊ

ಮನೆಯ ರೇಡಿಯೊ ಹಾಡು ಹೇಳುತ್ತದೆ. ವಾರ್ತೆ ಹೇಳುತ್ತದೆ. ನಾವು ಕೇಳುತ್ತೇವೆ. ಆದರೆ ನಮ್ಮ ಮಾತನ್ನು ಅದು ಕಳಿಸುವುದಿಲ್ಲ.

ಮಾತು ಕೇಳಿಸುವ, ಮಾತು ಕಳಿಸುವ ರೇಡಿಯೊ ಬೇರೆ ಇದೆ. ಅದನ್ನು ಹವ್ಯಾಸಕ್ಕೆ ಬಳಸುವವರನ್ನು 'ಹ್ಯಾಮ್' ಎನ್ನುತ್ತಾರೆ.

"ಅಯ್ಯೋ, ಅದೆಲ್ಲ ಗಂಡಸರ ಕೆಲಸ ಕಣಮ್ಮ" ಅಂತೀರಾ? ಕೇಳಿ.

2004ನೇ ಇಸವಿ. ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ಅಂಡಮಾನ್ ದ್ವೀಪಕ್ಕೆ ಹೋಗಿದ್ದರು. ಪೋರ್ಟ್ ಬ್ಲೇರ್ ಊರಲ್ಲಿ ಸೆಟ್ಟು ಇಟ್ಟು ದೇಶ ವಿದೇಶದವರ ಜೊತೆ ಮಾತಾಡುತ್ತಿದ್ದರು. ಡಿಸೆಂಬರ್ 26, ಭಾನುವಾರ ಬೆಳಗ್ಗೆ ನೆಲ ನಡುಗಿತು. ಸಮುದ್ರ ಉಕ್ಕಿ ಬಂತು. ಸುನಾಮಿ! ಟೆಲಿಫೋನು ಕೆಟ್ಟವು. "ನಮ್ಮೋರು ಬದುಕಿದಾರೋ ಇಲ್ವೋ?" ದೂರದ ಊರುಗಳಲ್ಲಿ ಮನೆಯವರಿಗೆ ಸಂಕಟ. ಭಾರತಿ ಮತ್ತು ಸಂಗಡಿಗರು ರೇಡಿಯೊದಲ್ಲಿ ಸುದ್ದಿ ಮುಟ್ಟಿಸಿದರು.

ಟೆಲಿಫೋನಿಗೆ ಕಂಬ ಬೇಕು, ಕೇಂದ್ರ ಬೇಕು. ಈ ರೇಡಿಯೊಗೆ ಅದೇನೂ ಬೇಡ. ಸೆಟ್ಟು, ಮೈಕು, ಬ್ಯಾಟರಿ, ಆಂಟೆನಾ ಇದ್ದರೆ ಆಯಿತು. ಪೊಲೀಸರ ಕೈಯಲ್ಲಿರುವಂಥ ಚಿಕ್ಕ ಸೆಟ್ಟೂ ಉಂಟು. ಅದರ ಮಾತು ಕೆಲವು ಕಿಲೋಮೀಟರ್ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ದೂರ ಮಾತಾಡಲು ಬೇರೆ ಸೆಟ್ಟು ಬೇಕು. ಅದು ಕಾರಿನ 12 ವೋಲ್ಟ್ ಬ್ಯಾಟರಿಯಿಂದಲೂ ನಡೆಯುತ್ತದೆ. ಬಟ್ಟೆ ಒಣಹಾಕುವ ತಂತಿಯ ಹಾಗೆ ಎತ್ತರದಲ್ಲಿ ತಂತಿ ಕಟ್ಟಬೇಕು. ಅದೇ ಆಂಟೆನಾ. ಅದರಿಂದ ಹೊರಟ ಅಲೆ ಮೇಲಕ್ಕೆ ಹೋಗಿ, ಚೆಂಡಿನಂತೆ ಪುಟಿದು, ದೂರದಲ್ಲಿ ಇಳಿಯುತ್ತದೆ. ಆಂಟೆನಾ ಹಾಕದೆ ಮಾತು ಕಳಿಸಬೇಡಿ. ಸೆಟ್ಟು ಸುಟ್ಟೀತು.

ಮೈಕಿನಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಮಾತು ಹೋಗುತ್ತದೆ. ಬಿಟ್ಟರೆ ಮಾತು ಬರುತ್ತದೆ. ಎರಡೂ ಒಟ್ಟಿಗೆ ಆಗೋದಿಲ್ಲ. ಎಲ್ಲರೂ ಒಟ್ಟಿಗೇ ಮಾತಾಡುವ ನಮ್ಮ ಸಂಘದ ಸಭೆ ಇಲ್ಲಿ ನಡೆಯೋದಿಲ್ಲ! ಹೊಸಬರು ಗುಂಡಿ ಒತ್ತುತ್ತಲೇ ಶುರು ಮಾಡುತ್ತಾರೆ. ಮೊದಲ ಮಾತು ಕಳೆದುಹೋಗುತ್ತದೆ. ಒತ್ತಿ, ಒಂದು ಗಳಿಗೆ ತಡೆದು ಮಾತಾಡಿ. ಮುಗಿದ ಮೇಲೆ "ಓವರ್" ಅನ್ನಿ. 'ನನ್ನದಾಯಿತು, ಈಗ ನೀವು ಹೇಳಿ' ಎಂದು ಅದರ ಅರ್ಥ.

ಇದಕ್ಕೆ ಸರ್ಕಾರದ ಲೈಸೆನ್ಸ್ ಬೇಕು. 12 ವರ್ಷ ದಾಟಿದವರು ಪರೀಕ್ಷೆ ಬರೆಯಬಹುದು. ವ್ಯಾಪಾರದ ಮಾತಿಗೆ ಇದನ್ನು ಬಳಸುವಂತಿಲ್ಲ.

ಪಾಸಾದವರಿಗೆ ಒಂದು ಕರೆ ಹೆಸರು ಕೊಡುತ್ತಾರೆ. ಅಂಡಮಾನಿನಲ್ಲಿ ಭಾರತಿಯವರ ಕರೆ ಹೆಸರು 'ವಿಯು4ಆರ್‌ಬಿಐ'. ಗದ್ದಲದಲ್ಲಿ 'ಬಿ' ಅಂದದ್ದು 'ಡಿ' ಎಂದು ಕೇಳೀತು. ಅದಕ್ಕೇ 'ಬಿ'ಗೆ ಬ್ರಾವೊ, 'ಆರ್'ಗೆ ರೋಮಿಯೊ, 'ಐ'ಗೆ ಇಂಡಿಯಾ ಎನ್ನುತ್ತಾರೆ. ನಾವು 'ಕ'ಗೆ ಕಮಲ ಎಂದು ಕಲಿತೆವಲ್ಲ, ಹಾಗೆ.

ನಿಮ್ಮ ಹೆಸರಿನ ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಹುಡುಕಿ. ಗೆಳತಿಯನ್ನು ದೂರ ನಿಲ್ಲಿಸಿ, ಕೂಗಿ ಹೇಳಿ.